ಟರ್ಬೊ ಗಾಡಿಯ ಸೈಲೆನ್ಸರ್ ನೋಡಿ ಸೂಪರ್‌ಚಾರ್ಜರ್ ಟ್ರಕ್ಕಿಗೆ ಹಾಕಿಸಬೇಡಿ

ಸೂಪರ್‌ಚಾರ್ಜರ್ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪು) ಇರುವ ಪಿಕಪ್ ಟ್ರಕ್ಕಿಗೆ ಹೊಸ ಎಕ್ಸಾಸ್ಟ್, ಅಂದರೆ ಹೊಗೆ ಹೋಗುವ ಪೈಪು, ಸೈಲೆನ್ಸರ್ ಹಾಕಿಸಬೇಕು ಅಂತಿದ್ದೀರಾ? ಗ್ಯಾರೇಜಿಗೆ ಹೋಗುವ ಮುಂಚೆ ದಯವಿಟ್ಟು ಇದನ್ನು ಓದಿ. ಒಂದೇ ಕೆಲಸವನ್ನು ಎರಡು ಸಲ ಮಾಡಿಸಿ ನಾನು ಎರಡು ಸಾವಿರ ಡಾಲರ್ ಮೇಲೆ ಕಳೆದುಕೊಂಡೆ. ದುಡ್ಡು ಹೋದರೆ ಹೋಗಲಿ. ನಡುವೆ ನಮ್ಮಮ್ಮನಿಗೆ ಆದ ತೊಂದರೆ ಇದೆಯಲ್ಲ, ಅದು ಇನ್ನೊಬ್ಬರ ಮನೆಯಲ್ಲಿ ಆಗಬಾರದು.

ನಾನಿರುವುದು ಡಲ್ಲಾಸ್ ಹತ್ತಿರ. ಟ್ರಕ್ಕು 2002ರ ಫೋರ್ಡ್ ಎಫ್-150 ಲೈಟ್ನಿಂಗ್. ಆಮೇಲೆ ಬಂದ ಎಲೆಕ್ಟ್ರಿಕ್ ಲೈಟ್ನಿಂಗ್ ಅಲ್ಲ, 1999ರಿಂದ 2004ರವರೆಗೆ ಬಂದ ಪೆಟ್ರೋಲ್ ಗಾಡಿ. 5.4 ಲೀಟರ್ ವಿ8 ಎಂಜಿನ್, ಅದರ ಮೇಲೆ ಬೆಲ್ಟಿನಿಂದ ತಿರುಗುವ ಈಟನ್ ಸೂಪರ್‌ಚಾರ್ಜರ್, 380 ಹಾರ್ಸ್‌ಪವರ್. ಒಂದೇ ಸಾಲು ಸೀಟು, ಚಿಕ್ಕ ಕ್ಯಾಬಿನ್. ತಲೆಯ ಹಿಂದೆಯೇ ಗಾಜು, ಗಾಜಿನ ಹಿಂದೆ ಸಾಮಾನು ತುಂಬುವ ತೊಟ್ಟಿ. ಕಂಪನಿಯವರು ಕೊಟ್ಟ ಎಕ್ಸಾಸ್ಟ್ ಬಲಗಡೆ ಹಿಂದಿನ ಚಕ್ರದ ಮುಂದೆ, ಗಾಡಿಯ ಅಂಚಿಗೆ ಬಂದು ಹೊರಗೆ ಬಿಡುತ್ತದೆ. ಸೈಲೆನ್ಸರ್ ತುಕ್ಕು ಹಿಡಿದು ಒಳಗಿನ ತಗಡು ಬಿಟ್ಟಿತ್ತು, ಕೈಯಲ್ಲಿ ತಟ್ಟಿದರೆ ಗಲಗಲ ಅನ್ನುತ್ತಿತ್ತು. ಹೇಗೂ ಬದಲಾಯಿಸಬೇಕು, ಹೊಗೆ ಸಲೀಸಾಗಿ ಹೋಗುವ ಹಾಗೆ, ಆದರೆ ಸದ್ದಿಲ್ಲದ ಹಾಗೆ ಮಾಡಿಸೋಣ ಅಂದುಕೊಂಡೆ.

ತಪ್ಪಿದ್ದು ಇಲ್ಲೇ. ಆಫೀಸಿನಲ್ಲಿ ಒಬ್ಬ ಗೆಳೆಯನದ್ದು ಎರಡು ಟರ್ಬೊ ಇರುವ ವಿ6 ಟ್ರಕ್. ಅವನು 14 ಇಂಚಿನ ಪುಟ್ಟ ಸೈಲೆನ್ಸರ್ ಹಾಕಿಸಿದ್ದ. ಅವನ ಗಾಡಿಯಲ್ಲಿ ಕೂತು ಬಂದೆ, ಒಳಗೆ ಸದ್ದೇ ಇರಲಿಲ್ಲ. ಅದೇ ಥರ ಮಾಡಿಕೊಡಿ ಅಂತ ಗ್ಯಾರೇಜಿನಲ್ಲಿ ಕೇಳಿದೆ. ಅಲ್ಲಿನವರು ಖುಷಿಯಿಂದ ಒಪ್ಪಿಕೊಂಡರು. "ಬೂಸ್ಟ್ ಇರೋ ಎಂಜಿನ್ನಿಗೆ ಸೈಲೆನ್ಸರ್ ಚಿಕ್ಕದಾದಷ್ಟೂ ಒಳ್ಳೇದು" ಅಂದರು. ಬೂಸ್ಟ್ ಅಂದರೆ ಎಂಜಿನ್ನಿಗೆ ಒತ್ತಡದಿಂದ ತಳ್ಳುವ ಗಾಳಿ. ನಾನು ನಂಬಿದೆ.

ಟರ್ಬೊ ಕೂಡ ಎಂಜಿನ್ನಿಗೆ ಗಾಳಿ ತುಂಬುವ ಪಂಪೇ, ಆದರೆ ಅದನ್ನು ತಿರುಗಿಸುವುದು ಹೊಗೆ. ಹಾಗಾಗಿ ಟರ್ಬೊ ಗಾಡಿಯಲ್ಲಿ ಹೊಗೆ ಮೊದಲು ಟರ್ಬೈನಿನ ರೆಕ್ಕೆಗಳನ್ನು ತಳ್ಳಿಕೊಂಡು ಹೋಗಬೇಕು. ಸಿಲಿಂಡರಿನಿಂದ ಬರುವ ಒಂದೊಂದು ಹೊಡೆತವೂ ಅಲ್ಲೇ ಮೆತ್ತಗಾಗುತ್ತದೆ. ಅಂದರೆ ಟರ್ಬೊನೇ ಅರ್ಧ ಸೈಲೆನ್ಸರ್. ಸೂಪರ್‌ಚಾರ್ಜರ್ ಹಾಗಲ್ಲ. ಅದು ಕೂತಿರುವುದು ಗಾಳಿ ಒಳಗೆ ಬರುವ ದಾರಿಯಲ್ಲಿ. ಹೊಗೆಯ ದಾರಿಯಲ್ಲಿ ಏನೂ ಅಡ್ಡ ಇಲ್ಲ, ಹೊಡೆತ ನೇರವಾಗಿ ಪೈಪಿಗೆ ಬೀಳುತ್ತದೆ. ಸಾಲದ್ದಕ್ಕೆ 8 ಪಿಎಸ್‌ಐ ಒತ್ತಡದ ಬೂಸ್ಟಿನಲ್ಲಿ ಎಂಜಿನ್ ಮಾಮೂಲಿಗಿಂತ ಹತ್ತಿರ ಹತ್ತಿರ ಒಂದೂವರೆ ಪಟ್ಟು ಗಾಳಿ ಕುಡಿಯುತ್ತದೆ, ಅಷ್ಟನ್ನೂ ಹೊರಗೆ ಹಾಕಬೇಕು. ಹಾಗಾಗಿ ಈ ಎರಡು ಥರದ ಗಾಡಿಗಳ ಎಕ್ಸಾಸ್ಟ್ ಹೋಲಿಸಲೇಬಾರದು. ಇದನ್ನು ನನಗೆ ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಒಂದೇ ಮಧ್ಯಾಹ್ನದಲ್ಲಿ ಕೆಲಸ ಮುಗಿಸಿಬಿಟ್ಟರು. ಎಂಜಿನ್ನಿನ ಎರಡು ಕಡೆಯಿಂದ ಎರಡು ಪೈಪು, ಎಲ್ಲೂ ಒಂದಕ್ಕೊಂದು ಸೇರಿಸಿಲ್ಲ. ಒಂದೊಂದಕ್ಕೂ ಪುಟ್ಟ ಸೈಲೆನ್ಸರ್. ಹಿಂದಿನ ಆಕ್ಸಲ್ ಮುಂದೆ, ತೊಟ್ಟಿಯ ಕೆಳಗೇ ಪೈಪು ನೆಲದ ಕಡೆ ಬಗ್ಗಿಸಿ ನಿಲ್ಲಿಸಿದ್ದರು. 700 ಡಾಲರ್. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ತೆಗೆದುಬಿಡೋಣವಾ ಅಂತ ಕೇಳಿದರು. ಅದಕ್ಕೆ ಮಾತ್ರ ಬೇಡವೇ ಬೇಡ ಅಂದೆ. ರಸ್ತೆಯಲ್ಲಿ ಓಡಿಸುವ ಗಾಡಿಯಿಂದ ಅದನ್ನು ಕೀಳುವುದು ಇಲ್ಲಿನ ಫೆಡರಲ್ ಕಾನೂನಿಗೆ ವಿರುದ್ಧ, ಯಾರೇ ಹೇಳಿದರೂ ಒಪ್ಪಬೇಡಿ.

ಊರೊಳಗೆ ಓಡಿಸುವಾಗ ಪರವಾಗಿಲ್ಲ ಅನ್ನಿಸಿತು. ಗಂಟೆಗೆ 40 ಮೈಲಿ ವೇಗದಲ್ಲಿ ಹೋಗಿ ನೋಡಿ ಯಾರೂ ತೀರ್ಮಾನಕ್ಕೆ ಬರಬೇಡಿ. ನಿಜವಾದ ಪರೀಕ್ಷೆ ಹೈವೇಯಲ್ಲಿ.

ಆಗ ಅಮ್ಮ ದಾವಣಗೆರೆಯಿಂದ ಬಂದಿದ್ದರು. ಹ್ಯೂಸ್ಟನ್ ಪಕ್ಕದ ಪಿಯರ್‌ಲ್ಯಾಂಡಿನ ಮೀನಾಕ್ಷಿ ದೇವಸ್ಥಾನ ತೋರಿಸೋಣ ಅಂತ ಬೆಳಿಗ್ಗೆ ಬೇಗ ಹೊರಟೆವು. ಐ-45 ಹೈವೇಯಲ್ಲಿ ನಾಲ್ಕು ಗಂಟೆ ದಾರಿ. ವೇಗ 70 ಮೈಲಿ ಮುಟ್ಟುತ್ತಿದ್ದ ಹಾಗೆ ಶುರುವಾಯಿತು ನೋಡಿ, ಗುಂಯ್ ಅಂತ ಒಂದೇ ಸಮ. ಜೋರು ಸದ್ದಲ್ಲ, ಕಿವಿಗಿಂತ ಜಾಸ್ತಿ ಎದೆಗೆ ಮತ್ತು ಹಲ್ಲಿಗೆ ಬಡಿಯುವ ಸದ್ದು. ಇಲ್ಲಿನವರು ಇದಕ್ಕೆ ಡ್ರೋನ್ ಅಂತಾರೆ. ಕಪ್ ಇಡುವ ಜಾಗದಲ್ಲಿದ್ದ ಅಮ್ಮನ ನೀರಿನ ಬಾಟಲಿಯಲ್ಲಿ ನೀರು ಸಣ್ಣ ಸಣ್ಣ ಉಂಗುರ ಕಟ್ಟುತ್ತಿತ್ತು. ಚಿಕ್ಕಂದಿನಲ್ಲಿ ಕಾಟನ್ ಮಿಲ್ಲಿನ ಪಕ್ಕದ ಬೀದಿಯಲ್ಲಿ ಇದ್ದವರು ಅವರು, ಸದ್ದಿಗೆ ಹೆದರುವವರಲ್ಲ. ಒಂದು ಗಂಟೆ ಸುಮ್ಮನೆ ಕೂತಿದ್ದರು. ಎಸಿ ಆಗಿಬರಲ್ಲ ಅಂತ ಹಿಂದಿನ ಗಾಜನ್ನು ನಾಲ್ಕು ಬೆರಳಷ್ಟು ಸರಿಸಿಕೊಂಡಿದ್ದರು.

ಮ್ಯಾಡಿಸನ್‌ವಿಲ್ ಹತ್ತಿರ ಬರುವಾಗ "ತಲೆ ಗುಂಯ್ ಅಂತೈತಪ್ಪಾ, ಗಾಡಿ ಸ್ವಲ್ಪ ನಿಲ್ಸು" ಅಂದರು. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆ. ಇಳಿದವರೇ ಬಾಗಿಲು ಹಿಡಿದುಕೊಂಡು ವಾಂತಿ ಮಾಡಿದರು. ನನಗೂ ಹಣೆ ಬಿಗಿದ ಹಾಗಿತ್ತು, ಸದ್ದಿನಿಂದ ಅಂದುಕೊಂಡಿದ್ದೆ. ಹೊರಗೆ ಗಾಳಿಯಲ್ಲಿ ಅರ್ಧ ಗಂಟೆ ಕೂತ ಮೇಲೆ ಇಬ್ಬರಿಗೂ ಹಗುರಾಯಿತು. ಆಗಲೇ ನನ್ನ ಕೈಕಾಲು ತಣ್ಣಗಾದದ್ದು. ಬರೀ ಸದ್ದಾಗಿದ್ದರೆ ಹೀಗಾಗುತ್ತದಾ?

ಎದ್ದವರೇ ಅಲ್ಲಿಂದ ಕ್ಲಿನಿಕ್ಕಿಗೆ ಹೋದೆವು. ದೇವರ ದಯೆ, ಅಮ್ಮ ಚೆನ್ನಾಗಿದ್ದರು. ವಾಪಸ್ ಬರುವಾಗ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್ ಅಳೆಯುವ ಒಂದು ಚಿಕ್ಕ ಮೀಟರ್ ಕೊಂಡು ಸೀಟಿನ ಮೇಲೆ ಇಟ್ಟೆ. ಗಾಜು ಪೂರ್ತಿ ಮುಚ್ಚಿದಾಗ ಸೊನ್ನೆಯ ಹತ್ತಿರ. ಹಿಂದಿನ ಗಾಜು ಸರಿಸಿದ ಹತ್ತೇ ನಿಮಿಷಕ್ಕೆ 40 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 40 ಭಾಗ) ದಾಟಿತು. ಓಡುವ ಟ್ರಕ್ಕಿನ ಕ್ಯಾಬಿನ್ ಹಿಂದೆ ಗಾಳಿಯ ಒತ್ತಡ ಕಡಿಮೆ ಇರುತ್ತದೆ. ಪೈಪು ತೊಟ್ಟಿಯ ಕೆಳಗೇ ಮುಗಿದರೆ ಹೊಗೆ ಅಲ್ಲೇ ಸುತ್ತಿ, ಕ್ಯಾಬಿನ್ನಿಗೂ ತೊಟ್ಟಿಗೂ ನಡುವಿನ ಸಂದಿನಲ್ಲಿ ಮೇಲೆದ್ದು, ಗಾಜಿನಿಂದ ಒಳಗೆ ಬರುತ್ತದೆ. ಈ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ವಾಕರಿಕೆ, ತಲೆಸುತ್ತು ಬಂದ ಮೇಲೇ ಗೊತ್ತಾಗುವುದು. ಗಾಡಿಯಲ್ಲಿ ಕೂತವರಿಗೆಲ್ಲ ಒಟ್ಟಿಗೆ ಹೀಗಾದರೆ ತಕ್ಷಣ ನಿಲ್ಲಿಸಿ ಇಳಿಯಿರಿ, ಡಾಕ್ಟರ ಹತ್ತಿರ ಹೋಗಿ. ಪೈಪು ಗಾಡಿಯ ಪಕ್ಕದ ಅಂಚಿನಿಂದಲೋ ಹಿಂದಿನ ಬಂಪರಿನಿಂದಲೋ ಆಚೆ ಬರಲೇಬೇಕು. ಇದೊಂದು ವಿಷಯದಲ್ಲಿ ಐವತ್ತು ನೂರು ಡಾಲರ್ ಉಳಿಸಲು ಹೋಗಬೇಡಿ.

ಗ್ಯಾರೇಜಿನವರನ್ನು ಕೇಳಿದರೆ ಫೋನಿನಲ್ಲಿ ಸದ್ದು ಅಳೆದು ತೋರಿಸಿದರು. "ನೋಡಿ, 71 ಡೆಸಿಬೆಲ್ ಅಷ್ಟೇ" ಅಂದರು. ಅದು ಎ ಅನ್ನುವ ಅಳತೆ. ಮನುಷ್ಯರ ಕಿವಿಗೆ ತಕ್ಕ ಹಾಗೆ ಇರಲಿ ಅಂತ ಅದರಲ್ಲಿ ದಪ್ಪ ಸದ್ದನ್ನು ಕಡಿಮೆ ಮಾಡಿ ತೋರಿಸುತ್ತಾರೆ. ಅದೇ ಆ್ಯಪಿನಲ್ಲಿ ಸಿ ಅಳತೆಗೆ ಬದಲಾಯಿಸಿದೆ, 86 ತೋರಿಸಿತು. ನಮ್ಮನ್ನು ಹಣ್ಣು ಮಾಡುವುದು ಆ ದಪ್ಪ ಸದ್ದೇ ಅಲ್ವಾ? ಸದ್ದು ಅಳೆಯುವುದಾದರೆ ಸಿ ಅಳತೆಯಲ್ಲಿ, 70 ಮೈಲಿಯಲ್ಲಿ ಅಳೆಯಿರಿ. ದುಡ್ಡು ವಾಪಸ್ ಬರಲಿಲ್ಲ.

ಎರಡನೇ ಸಲ ಬೇರೆ ಊರಿನ ಒಬ್ಬ ವಯಸ್ಸಾದ ಮೆಕ್ಯಾನಿಕ್ ಹತ್ತಿರ ಹೋದೆ. ಗಾಡಿ ಮೇಲೆತ್ತಿ ಪೈಪಿನ ಬೆಂಡುಗಳ ಮೇಲೆ ಬೆರಳಾಡಿಸಿ ತೋರಿಸಿದರು. ಪ್ರತಿ ಬೆಂಡಿನಲ್ಲೂ ಪೈಪು ಮಡಿಚಿಕೊಂಡು ಚಪ್ಪಟೆಯಾಗಿತ್ತು. 3 ಇಂಚಿನ ಪೈಪು ಅಂತ ದುಡ್ಡು ಕೊಟ್ಟಿದ್ದೆ, ಬೆಂಡಿನಲ್ಲಿ ಎರಡೂವರೆ ಇಂಚೂ ಇರಲಿಲ್ಲ. ಅಂದರೆ ಸದ್ದೂ ಜಾಸ್ತಿ, ದಾರಿಯೂ ಇಕ್ಕಟ್ಟು. ಒಳಗೆ ಮ್ಯಾಂಡ್ರೆಲ್ ಅನ್ನುವ ಅಚ್ಚು ಇಟ್ಟು ಬಗ್ಗಿಸಿದ ಪೈಪಾದರೆ ಬೆಂಡಿನಲ್ಲೂ ದುಂಡಗೇ ಇರುತ್ತದೆ. ಅಂಥದ್ದೇ ಬೇಕು ಅಂತ ಕೇಳಿ, ಕಣ್ಣಾರೆ ನೋಡಿ.

ಅವರು ಮಾಡಿದ್ದು ಹೀಗೆ. ಮೊದಲು ಎರಡು ಕಡೆಯ ಪೈಪುಗಳನ್ನು ಎಕ್ಸ್ ಆಕಾರದಲ್ಲಿ ಸೇರಿಸಿದರು. ಇಂಥ ವಿ8ನಲ್ಲಿ ಒಂದು ಕಡೆಯ ನಾಲ್ಕು ಸಿಲಿಂಡರುಗಳು ಸಮ ಅಂತರದಲ್ಲಿ ಉರಿಯುವುದಿಲ್ಲ. ಎರಡೂ ಕಡೆ ಸೇರಿದರೆ ಲಯ ಸರಿಹೋಗುತ್ತದೆ, ಒರಟು ಸದ್ದು ಕಡಿಮೆಯಾಗುತ್ತದೆ. ಆಮೇಲೆ ಉದ್ದನೆಯ ನೇರ ಸೈಲೆನ್ಸರ್. ಒಳಗೆ ತೂತುಗಳಿರುವ ಪೈಪು ನೆಟ್ಟಗೆ ಹೋಗುತ್ತದೆ, ಸುತ್ತ ಸದ್ದು ಹೀರುವ ಉಣ್ಣೆಯಂಥ ವಸ್ತು ತುಂಬಿರುತ್ತದೆ. ಹೊಗೆಗೆ ಅಡ್ಡಿಯೇ ಇಲ್ಲ. ಆದರೆ ಇದರಲ್ಲಿ ಸದ್ದು ತಗ್ಗುವುದು ಉದ್ದದಿಂದ. 14 ಇಂಚಿನದ್ದು ಮಾಡದ ಕೆಲಸವನ್ನು 30 ಇಂಚಿನದ್ದು ಮಾಡುತ್ತದೆ. ಹಿಂದೆ ಸದ್ದನ್ನು ಇನ್ನಷ್ಟು ತಗ್ಗಿಸುವ ಒಂದು ರೆಸೊನೇಟರ್, ಪೈಪು ಆಕ್ಸಲ್ ಮೇಲಿಂದ ಹೋಗಿ ಬಂಪರ್ ಆಚೆಗೆ.

ಆದರೂ 70ರಲ್ಲಿ ಒಂದು ಸಣ್ಣ ಗುಂಯ್ ಉಳಿದಿತ್ತು. ಆ ವೇಗದಲ್ಲಿ ನನ್ನ ಎಂಜಿನ್ 2,200 ಆರ್‌ಪಿಎಂ ತಿರುಗುತ್ತದೆ, ಸೆಕೆಂಡಿಗೆ ಸುಮಾರು 36.7 ಸುತ್ತು. ಎಂಟು ಸಿಲಿಂಡರ್ ಒಂದು ಸುತ್ತಿಗೆ ನಾಲ್ಕು ಸಲ ಉರಿಯುತ್ತದೆ. ಅಲ್ಲಿಗೆ ಸೆಕೆಂಡಿಗೆ 147 ಹೊಡೆತ, ಅಂದರೆ 147 ಹರ್ಟ್ಜ್. ಫೋನಿನ ಸದ್ದಿನ ಗ್ರಾಫಿನಲ್ಲೂ ಸರಿಯಾಗಿ ಅಲ್ಲೇ ಗೆರೆ ಎದ್ದಿತ್ತು. ಮೆಕ್ಯಾನಿಕ್ ಸುಮಾರು ಎರಡೂವರೆ ಅಡಿಯ, ಒಂದು ತುದಿ ಮುಚ್ಚಿದ ಪೈಪನ್ನು ಪಕ್ಕದಲ್ಲಿ ಕವಲಿನ ಹಾಗೆ ವೆಲ್ಡ್ ಮಾಡಿದರು. ಆ ಸದ್ದು ಒಳಗೆ ಹೋಗಿ ತುದಿಗೆ ಬಡಿದು ವಾಪಸ್ ಬರುವಾಗ ಎದುರು ಬರುವ ಸದ್ದನ್ನೇ ಅಳಿಸುತ್ತದೆ. ಹೊಗೆ ಅದರ ಮೂಲಕ ಹಾಯುವುದೇ ಇಲ್ಲ, ಹಾಗಾಗಿ ಓಟಕ್ಕೆ ಏನೂ ಅಡ್ಡಿಯಿಲ್ಲ. ಸದ್ದಿನ ಸಿ ಅಳತೆ 86 ಇದ್ದದ್ದು 74ಕ್ಕೆ ಬಂತು. ಎಲ್ಲ ಸೇರಿ 1,450 ಡಾಲರ್.

ಒಂದು ವಿಷಯಕ್ಕೆ ಗಾಬರಿಯಾಗಬೇಡಿ. ಕೆಲಸ ಆದ ಮೇಲೆ ನನ್ನ ಬೂಸ್ಟ್ ಮೀಟರ್ 8ರ ಬದಲು 7 ತೋರಿಸಿತು. ಎಲ್ಲೋ ಲೀಕ್ ಆಗಿದೆ ಅಂತ ಒಂದು ಭಾನುವಾರ ಪೂರ್ತಿ ಕೆಳಗೆ ಮಲಗಿ ಹುಡುಕಿದೆ. ಲೀಕ್ ಇರಲಿಲ್ಲ. ಬೂಸ್ಟ್ ಅಂದರೆ ಎಂಜಿನ್ನಿಗೆ ಹೋಗಲಾಗದೆ ಬಾಗಿಲಲ್ಲಿ ಒತ್ತಿ ನಿಂತ ಗಾಳಿ. ಹೊಗೆ ಬೇಗ ಆಚೆ ಹೋದರೆ ಗಾಳಿ ಬೇಗ ಒಳಗೆ ಹೋಗುತ್ತದೆ, ಮೀಟರ್ ಸ್ವಲ್ಪ ಇಳಿಯುತ್ತದೆ.

ಮೊದಲ ಗ್ಯಾರೇಜಿನವರು ನನ್ನ ಹಳೇ ಪೈಪುಗಳನ್ನು ಅದೇ ಸಂಜೆ ಗುಜರಿಗೆ ಹಾಕಿದ್ದರು. ಸೈಲೆನ್ಸರ್ ಒಂದೇ ಬದಲಾಯಿಸಿದ್ದರೆ ಆ ಪೈಪುಗಳು ಇನ್ನೂ ಎಷ್ಟೋ ವರ್ಷ ಬರುತ್ತಿದ್ದವು. ಹೊರಗಿನ ಮಾರುಕಟ್ಟೆಯಲ್ಲಿ ಹುಡುಕಿದೆ, ಈ ಗಾಡಿಯ ಕಂಪನಿ ಪೈಪು ಒಳ್ಳೆಯ ಸ್ಥಿತಿಯಲ್ಲಿ ಸಿಗಲೇ ಇಲ್ಲ. ನೀವು ಮಾಡಿಸುವಾಗ ಕತ್ತರಿಸುವ ಮುಂಚೆಯೇ ಹೇಳಿಬಿಡಿ, ಬಿಚ್ಚಿದ್ದೆಲ್ಲ ನನ್ನ ತೊಟ್ಟಿಗೇ ಹಾಕಿ ಅಂತ.