ಕಾಗದ ಸುತ್ತುವ ಗುಂಡಿನ ಅಚ್ಚು: ನಾಲ್ಕು ವರ್ಷ ಬಳಸಿದ ಮೇಲೆ

ಈ ಅಚ್ಚನ್ನು ಕೊಂಡು ನಾಲ್ಕು ವರ್ಷಗಳಾದವು. ಮೊದಲ ಎರಡು ವರ್ಷ ಇದನ್ನು ಬೈದುಕೊಂಡೇ ಬಳಸಿದೆ. ಆ ಬೈಗುಳಗಳಲ್ಲಿ ಒಂದಕ್ಕೆ ಮಾತ್ರ ಇದು ನಿಜವಾಗಿ ಪಾತ್ರವಾಗಿತ್ತು, ಉಳಿದುವೆಲ್ಲ ನನಗೇ ಸಲ್ಲಬೇಕಾದವು ಎಂದು ಆಮೇಲೆ ತಿಳಿಯಿತು. ಇದು ಒಂದು ಸಣ್ಣ ವರ್ಕ್‌ಶಾಪಿನಲ್ಲಿ ತಯಾರಾದ, ಒಂದೇ ಗುಂಡು ಎರೆಯುವ ಅಚ್ಚು. ಇದರಿಂದ ಬರುವುದು 0.443 ಇಂಚು ವ್ಯಾಸದ, 530 ಗ್ರೇನ್ ಅಂದರೆ 34 ಗ್ರಾಂಗಿಂತ ತುಸು ಹೆಚ್ಚು ತೂಗುವ, ಮೈ ನುಣುಪಾಗಿರುವ, ತಳ ಸಪಾಟಾಗಿರುವ ಸೀಸದ ಗುಂಡು. ನಾನಿರುವುದು ಅಮೆರಿಕದ ಕೊಲೊರಾಡೊದಲ್ಲಿ. ಹಾರಿಸುವುದು 1874ರ ಶಾರ್ಪ್ಸ್ ಮಾದರಿಯ, .45-70 ಅಳತೆಯ ತೋಟಾ ಬಳಸುವ ಪ್ರತಿಕೃತಿ ರೈಫಲ್ಲಿನಿಂದ, ಅದೂ ಕರಿಮದ್ದಿನಲ್ಲಿ ಮಾತ್ರ.

ಮಲೆನಾಡಿನ ನಮ್ಮ ಮನೆಯಲ್ಲಿ ಬೆಳೆ ಕಾಯಲು ಲೈಸೆನ್ಸ್ ಪಡೆದ ಕೇಪಿನ ಕೋವಿ ಒಂದಿತ್ತು. ಅಪ್ಪಯ್ಯ ನಳಿಗೆಗೆ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದ ಕೋಲಿನಿಂದ ಜಡಿಯುತ್ತಿದ್ದುದನ್ನು ನೋಡಿ ಬೆಳೆದ ನನಗೆ ಮದ್ದಿನ ಹೊಗೆಯ ವಾಸನೆ ಹೊಸದಲ್ಲ, ಆದರೆ ಸೀಸ ನಳಿಗೆಗೆ ಉಜ್ಜದಂತೆ ಗುಂಡಿಗೆ ಕಾಗದದ ಅಂಗಿ ತೊಡಿಸುವ ಈ ವಿದ್ಯೆ ಪೂರ್ತಿ ಹೊಸದು. 1874ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಕ್ರೀಡ್‌ಮೂರ್ ಮೈದಾನದಲ್ಲಿ ಅಮೆರಿಕದ ತಂಡ ಐರ್ಲೆಂಡಿನ ತಂಡವನ್ನು 934–931 ಅಂಕಗಳಿಂದ ಸೋಲಿಸಿದಾಗ, ಅದರ ಬ್ರೀಚ್‌ಲೋಡರ್‌ಗಳಿಂದ, ಅಂದರೆ ಹಿಂಬದಿಯಿಂದ ತುಂಬುವ ಕೋವಿಗಳಿಂದ, 1,000 ಗಜದ ಗುರಿಯವರೆಗೆ ಹಾರಿದ್ದು ಇಂಥ ಕಾಗದ ಸುತ್ತಿದ ಗುಂಡುಗಳೇ ಎಂದು ಓದಿದ ಮೇಲೆ ಈ ಹುಚ್ಚು ಹಿಡಿಯಿತು.

ಲೆಕ್ಕ ಸರಳವಾಗಿದೆ. ನಳಿಗೆಯ ಒಳಮೈಯಲ್ಲಿ ಗುಂಡನ್ನು ತಿರುಗಿಸಲು ಸುರುಳಿಯಾಗಿ ಕೊರೆದ ಗೀರುಗಳಿರುತ್ತವೆ, ಅವುಗಳ ನಡುವೆ ಉಬ್ಬಿ ನಿಂತವು ಏಣುಗಳು. ನನ್ನ ನಳಿಗೆಯಲ್ಲಿ ಎದುರುಬದುರಿನ ಏಣುಗಳ ನಡುವಿನ ಅಳತೆ 0.450 ಇಂಚು, ಗೀರುಗಳ ತಳದಿಂದ ತಳಕ್ಕೆ 0.458. ಕಾಗದದ ದಪ್ಪ 0.002 ಇಂಚಿಗೆ ತುಸು ಕಡಿಮೆ. ಎರಡು ಸುತ್ತು ಸುತ್ತಿದರೆ ವ್ಯಾಸಕ್ಕೆ ನಾಲ್ಕು ಪದರ ಸೇರಿ, 0.443ರ ಗುಂಡು 0.450ಕ್ಕೆ ಬಂದು ನಿಲ್ಲುತ್ತದೆ. ಅಂದರೆ ಗುಂಡು ಏಣುಗಳ ಮೇಲೆ ಜಾರಿಕೊಂಡು ಕೂರುತ್ತದೆಯೇ ಹೊರತು ಗೀರುಗಳನ್ನು ತುಂಬುವುದಿಲ್ಲ. ಮದ್ದು ಹೊತ್ತಿಕೊಂಡ ಕ್ಷಣದ ಗುದ್ದಿಗೆ ಸೀಸವೇ ಹಿಂದಿನಿಂದ ಉಬ್ಬಿ ಅವನ್ನು ತುಂಬಬೇಕು. ನನ್ನ ಮೊದಲ ತಪ್ಪು ಇಲ್ಲಿಯೇ ಆಯಿತು. ಟೈರ್ ಅಂಗಡಿಯಲ್ಲಿ ಅಗ್ಗವಾಗಿ ಸಿಕ್ಕಿದ ವೀಲ್ ವೇಟ್‌ಗಳನ್ನು, ಅಂದರೆ ಚಕ್ರದ ತೂಕ ಸರಿದೂಗಿಸುವ ಸೀಸದ ತುಂಡುಗಳನ್ನು, ಕರಗಿಸಿ ಎರೆದೆ. ಅದರಲ್ಲಿರುವ ಆಂಟಿಮನಿಯಿಂದಾಗಿ ಗುಂಡು ಗಟ್ಟಿಯಾಗಿ, ಬೇಕಾದಷ್ಟು ಉಬ್ಬದೆ, ಬಿಸಿ ಅನಿಲ ಪಕ್ಕದಿಂದ ನುಗ್ಗಿ ಕಾಗದವನ್ನು ಸುಟ್ಟಿತು. ಒಂದು ಪಾಲು ತವರಕ್ಕೆ ಹದಿನಾರು ಪಾಲು ಶುದ್ಧ ಸೀಸ ಬೆರೆಸಿದ ಮೇಲೆ ಆ ತೊಂದರೆ ಹೋಯಿತು.

ಆದರೂ 200 ಮೀಟರಿನಲ್ಲಿ ಐದು ಈಡುಗಳಲ್ಲಿ ಮೂರು ಒಂದೆಡೆ ಬಿದ್ದರೆ ಎರಡು ಎಲ್ಲೆಲ್ಲೋ ಹೋಗುತ್ತಿದ್ದವು. ಮದ್ದಿನ ಕಾಳಿನ ಗಾತ್ರ ಬದಲಿಸಿದೆ, ಮದ್ದಿಗೆ ಕಿಡಿ ಕೊಡುವ ಪ್ರೈಮರ್ ಬದಲಿಸಿದೆ, ಕಣ್ಣಿನ ಡಾಕ್ಟರರನ್ನೂ ಕಂಡೆ. ಕೊನೆಗೆ ರೇಂಜಿನಲ್ಲಿ ಪಕ್ಕದ ಬೆಂಚಿನಲ್ಲಿದ್ದ ಹಿರಿಯರೊಬ್ಬರು ನನ್ನನ್ನು ಕರೆದುಕೊಂಡು ಹೋಗಿ, ನಳಿಗೆಯ ಬಾಯಿಂದ ಹತ್ತಿಪ್ಪತ್ತು ಹೆಜ್ಜೆ ಮುಂದೆ ಹುಲ್ಲಿನಲ್ಲಿ ಬಿದ್ದಿದ್ದ ಕಾಗದದ ಚೂರುಗಳನ್ನು ಹೆಕ್ಕಿಸಿದರು. ಸರಿಯಾಗಿ ಹಾರಿದ ಗುಂಡಿನ ಕಾಗದ ಬಾಯಿ ದಾಟಿದ ಕೂಡಲೇ ಏಣುಗಳು ಕೊಯ್ದ ಗುರುತಿನಲ್ಲಿ ಸೀಳಿ, ಮದುವೆ ಮನೆಯಲ್ಲಿ ಎರಚಿದ ಬಣ್ಣದ ಚೂರುಗಳಂತೆ ಉದುರಬೇಕು. ನನ್ನ ಚೂರುಗಳಲ್ಲಿ ಹಲವು ಹಾಗೆಯೇ ಇದ್ದವು, ಆದರೆ ಕೆಲವದರಲ್ಲಿ ತಳದ ಅಂಚು ಇರಲೇ ಇಲ್ಲ. ಯಾರೋ ಕತ್ತರಿಯಿಂದ ಸುತ್ತಲೂ ಕತ್ತರಿಸಿ ತೆಗೆದಂತಿತ್ತು. ಕಾಣೆಯಾದ ಆ ಅಂಚು ಚೇಂಬರಿನ, ಅಂದರೆ ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಗೂಡಿನ, ಕೊನೆಯಲ್ಲಿ ಸಣ್ಣ ಕಾಗದದ ಉಂಗುರವಾಗಿ ಅಂಟಿಕೊಂಡಿತ್ತು.

ಕಾರಣ ಮದ್ದನ್ನೂ ಗುಂಡನ್ನೂ ಹಿಡಿಯುವ ಹಿತ್ತಾಳೆಯ ತೋಟಾದಲ್ಲಿತ್ತು. .45-70 ತೋಟಾದ ಉದ್ದ ಹೆಚ್ಚೆಂದರೆ 2.105 ಇಂಚು, ಇಂಥ ನೇರ ಮೈಯ ತೋಟಾಗಳು ಹಾರಿಸಿದಷ್ಟೂ ಅಗಲಕ್ಕೆ ಹಿಗ್ಗಿ ಉದ್ದದಲ್ಲಿ ಕುಗ್ಗುತ್ತವೆ, ಸಾಲದ್ದಕ್ಕೆ ನಾನು ಶಿಸ್ತಿನ ಹೆಸರಿನಲ್ಲಿ ಅವುಗಳ ಬಾಯಿ ಕತ್ತರಿಸಿ ಟ್ರಿಮ್ ಕೂಡ ಮಾಡಿದ್ದೆ. ತೋಟಾದ ಬಾಯಿಗೂ ಚೇಂಬರ್ ಕಿರಿದಾಗುವಲ್ಲಿನ ಮೆಟ್ಟಿಲಿಗೂ ನಡುವೆ ಉಳಿದ ಸಂದಿಯಲ್ಲಿ ಗುಂಡಿನ ತಳ ಉಬ್ಬಿ, ಮೆಟ್ಟಿಲಿಗೆ ತಾಗಿ ಕಾಗದ ಕತ್ತರಿಸಿಹೋಗುತ್ತಿತ್ತು. ಚೇಂಬರಿನ ಅಳತೆ ತೆಗೆದು ಅದಕ್ಕೆ ಹೊಂದುವ ಉದ್ದದ ತೋಟಾಗಳನ್ನು ಹಾಕಿದ ದಿನ ಉಂಗುರ ಮಾಯವಾಯಿತು. ಎರಡು ವರ್ಷ ಅಚ್ಚಿನ ಮೇಲೆ ಹೊರಿಸಿದ ಅಪರಾಧ ಇದು.

ಕಾಗದ ಕತ್ತರಿಸುವುದರ ಬಗ್ಗೆ ಒಂದು ಮಾತು. ಪೂರ್ತಿ ಹತ್ತಿಯ ತೆಳು ಕಾಗದವನ್ನು ಎರಡೂ ತುದಿ ಓರೆಯಾಗಿರುವಂತೆ, ಸುಮಾರು 71 ಮಿಲಿಮೀಟರ್ ಉದ್ದಕ್ಕೆ, ತಗಡಿನ ಅಳತೆಪಟ್ಟಿ ಇಟ್ಟು ಬ್ಲೇಡಿನಿಂದ ಕತ್ತರಿಸುತ್ತೇನೆ. ನೀರಿನಲ್ಲಿ ಅದ್ದಿ, ಗುಂಡನ್ನು ಅದರ ಮೇಲೆ ಬೆರಳಿನಿಂದ ಉರುಳಿಸಿದಾಗ ಎರಡನೆಯ ಸುತ್ತಿನ ಓರೆ ಅಂಚು ಮೊದಲ ಅಂಚಿನ ಗೆರೆಯ ಪಕ್ಕಕ್ಕೆ ಕೂದಲೆಳೆಯಷ್ಟು ಬಿಟ್ಟು ಬರಬೇಕು. ಒಂದರ ಮೇಲೊಂದು ಬಂದರೆ ಒಂದು ಪಕ್ಕದಲ್ಲಿ ಮೂರು ಪದರವಾಗಿ ಗುಂಡು ವಾಲುತ್ತದೆ. ಮೂರನೆಯ ವರ್ಷ ಹೊಸ ಕಟ್ಟು ಬಿಡಿಸಿದಾಗ, ಅಳತೆಪಟ್ಟಿ ಅದೇ ಆಗಿದ್ದರೂ, ಪ್ರತಿ ಗುಂಡಿನಲ್ಲೂ ಅಂಚು ಒಂದು ಮಿಲಿಮೀಟರಿನಷ್ಟು ಮೇಲೇರತೊಡಗಿತು. ಕಾಗದ ಒದ್ದೆಯಾದಾಗ ನಾರಿನ ಉದ್ದಕ್ಕಿಂತ ನಾರಿನ ಅಡ್ಡಕ್ಕೆ ಹೆಚ್ಚು ಹಿಗ್ಗುತ್ತದೆ; ಹಾಳೆಯನ್ನು ನಾನು ಈ ಸಲ ಅಡ್ಡಡ್ಡ ಕತ್ತರಿಸಿದ್ದೆ.

ಒಣಹವೆ ಇಲ್ಲಿಯ ಇನ್ನೊಂದು ಶತ್ರು. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಘನ ಶೇಷವಾಗಿ ಉಳಿಯುತ್ತದೆ. ಕೊಲೊರಾಡೊದ ಬೇಸಿಗೆಯಲ್ಲಿ ಆ ಮಸಿ ನಾಲ್ಕೈದು ಈಡಿಗೆಲ್ಲ ಒಣಗಿ ಹಪ್ಪಳದಂತಾಗಿ, ಏಣಿನ ಅಳತೆಯ ಗುಂಡು ಒಳಗೆ ಹೋಗಲು ಒಪ್ಪುವುದಿಲ್ಲ. ಬಲವಂತವಾಗಿ ನೂಕಿದರೆ ಕಾಗದ ಸುಕ್ಕಾಗುತ್ತದೆ. ಆದ್ದರಿಂದ ಪ್ರತಿ ಈಡಿನ ನಂತರ, ಏಳು ಪಾಲು ನೀರಿಗೆ ಒಂದು ಪಾಲು ನೀರಿನಲ್ಲಿ ಬೆರೆಯುವ ಕಟಿಂಗ್ ಆಯಿಲ್ ಸೇರಿಸಿದ ದ್ರವದಲ್ಲಿ ಅದ್ದಿ ಹಿಂಡಿದ ಒಂದು ಬಟ್ಟೆ, ಅದರ ಹಿಂದೆಯೇ ಒಂದು ಒಣ ಬಟ್ಟೆ ಎಳೆಯುತ್ತೇನೆ. ಚೇಂಬರಿನಲ್ಲಿ ತೇವ ಉಳಿದರೆ ಕಾಗದ ನೆನೆದು ಹರಿಯುವುದರಿಂದ ಒಣ ಬಟ್ಟೆಯನ್ನು ಬಿಡುವಂತಿಲ್ಲ.

ಇನ್ನು ಅಚ್ಚಿನ ನಿಜವಾದ ದೋಷ. ಎರೆದ ಮೇಲೆ ಮಿಕ್ಕ ಸೀಸವನ್ನು ಕತ್ತರಿಸುವ ಮೇಲಿನ ಫಲಕದ ತಿರುಪು ನೂರೈವತ್ತು ಗುಂಡು ಎರೆಯುವಷ್ಟರಲ್ಲಿ ಸಡಿಲವಾಗುತ್ತದೆ. ಆಗ ಗುಂಡಿನ ತಳದ ಅಂಚಿನಲ್ಲಿ ಉಗುರಿನಂಥ ಸೀಸದ ಎಸಳು ಏಳುತ್ತದೆ, ತಳದ ಮೇಲೆ ಮಡಿಸಿದ ಕಾಗದವನ್ನು ಅದು ಅಲ್ಲಿಯೇ ಕೊಯ್ಯುತ್ತದೆ. ಪತ್ರ ಬರೆದು ತಿಳಿಸಿದೆ, ಉತ್ತರ ಬರಲಿಲ್ಲ. ಕೊನೆಗೆ ನಾನೇ ಒಂದು ಸ್ಪ್ರಿಂಗ್ ವಾಷರ್ ಹಾಕಿಕೊಂಡೆ. ಇದನ್ನು ಬಿಟ್ಟರೆ ಅಳತೆ ಇಂದಿಗೂ ಕದಲಿಲ್ಲ: ಕಳೆದ ವಾರ ಎರೆದ ಐವತ್ತರಲ್ಲಿ ಅತಿ ಹಗುರದ್ದಕ್ಕೂ ಅತಿ ಭಾರದ್ದಕ್ಕೂ ಇದ್ದ ವ್ಯತ್ಯಾಸ ಒಂದೂವರೆ ಗ್ರೇನ್. 500 ಮೀಟರಿನಲ್ಲಿ ಗುರಿಯಾಗಿ ನಿಲ್ಲಿಸಿದ ಕಬ್ಬಿಣದ ಟಗರಿನ ಆಕೃತಿ ಈಗ ಹತ್ತರಲ್ಲಿ ಆರೇಳು ಸಲ ಉರುಳುತ್ತದೆ. ಉಳಿದ ಮೂರ್ನಾಲ್ಕು ಸಲ ತಪ್ಪುವುದು ಗಾಳಿಯನ್ನು ಓದಲು ನನಗಿನ್ನೂ ಬಾರದ್ದರಿಂದ. ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ, ಕಳೆದ ಒಂದು ಆ ತಿರುಪಿನದು. ಕೊಳ್ಳುವವರು ಮೊದಲು ತಮ್ಮ ನಳಿಗೆಯ ಏಣಿನ ಅಳತೆ ತೆಗೆದುಕೊಳ್ಳಲಿ, ಅದು 0.450 ಇಲ್ಲದಿದ್ದರೆ ಈ ಅಚ್ಚು ಅವರದಲ್ಲ.