ಟರ್ಮ್ ಕೊನೆಯ ಇಂಗ್ಲಿಷ್ ಪ್ರಶ್ನೆಪತ್ರಿಕೆ ಸೆಟ್: ಚೀನಾದ ಹೈಸ್ಕೂಲ್ ಮಕ್ಕಳು ಕೊಳ್ಳುವ ಮಾಲು ಎಷ್ಟು ಗಟ್ಟಿ?

ಚೀನಾದ ಹೈಸ್ಕೂಲುಗಳಲ್ಲಿ ಮೊದಲ ಟರ್ಮಿನ ಪರೀಕ್ಷೆ ಜನವರಿಯಲ್ಲಿ, ವಸಂತ ಹಬ್ಬದ ರಜೆಗೆ ಮುಂಚೆ. ಎರಡನೆಯದು ಜೂನ್ ಕೊನೆ ಅಥವಾ ಜುಲೈ ಶುರುವಿಗೆ. ಅದು ಹತ್ತಿರ ಬಂತೆಂದರೆ ಶಾಲೆ ಪಕ್ಕದ ಪುಸ್ತಕದಂಗಡಿಗಳಲ್ಲೂ ತಾವೊಬಾವೊ, ಪಿನ್‌ದುವೊದುವೊದಂಥ ಆನ್‌ಲೈನ್ ಮಳಿಗೆಗಳಲ್ಲೂ ಮಾದರಿ ಪ್ರಶ್ನೆಪತ್ರಿಕೆ ಸೆಟ್‌ಗಳದ್ದೇ ರಾಶಿ. ದೊಡ್ಡ ಹಾಳೆಯನ್ನು ನಡುವೆ ಮಡಚಿದ ಪತ್ರಿಕೆಗಳು, ಜೊತೆಗೊಂದು ತೆಳ್ಳಗಿನ ಉತ್ತರ ಪುಸ್ತಿಕೆ, ಆಡಿಯೊ ಕೇಳಲು ಮೂಲೆಯಲ್ಲೊಂದು ಕ್ಯೂಆರ್ ಕೋಡ್. ಯಾವ ಪ್ರಕಾಶಕರದ್ದಾದರೂ ರೂಪ ಹೆಚ್ಚುಕಮ್ಮಿ ಇದೇ. ಹಾಗಾಗಿ ಒಂದು ಬ್ರ್ಯಾಂಡ್ ಹಿಡಿದು ಹೊಗಳುವುದಕ್ಕಿಂತ, ಮೊದಲ ವರ್ಷದ (ನಮ್ಮ ಲೆಕ್ಕಕ್ಕೆ ಹತ್ತನೇ ತರಗತಿ) ಸೆಟ್‌ಗಳನ್ನು ಒಂದು ಬಗೆಯ ಸರಕಾಗಿಯೇ ಇಲ್ಲಿ ತೂಗಿ ನೋಡಲಾಗಿದೆ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊಟ್ಟ ದುಡ್ಡಿಗೆ ಬೆಲೆ ಸಿಗುವುದು ಉತ್ತರ ಪುಸ್ತಿಕೆಯಲ್ಲಿ, ಪತ್ರಿಕೆಗಳ ಸಂಖ್ಯೆಯಲ್ಲಲ್ಲ. ಪ್ರಶ್ನೆಗಳು ಹೇಗೋ ಎಲ್ಲೆಡೆ ಸಿಗುತ್ತವೆ. ಶಾಲೆಯವರೇ ಜೆರಾಕ್ಸ್ ಮಾಡಿಸಿ ಹಂಚುತ್ತಾರೆ. ತಪ್ಪಿದ್ದು ಯಾಕೆ ತಪ್ಪು ಎಂದು ನೆಟ್ಟಗೆ ಹೇಳುವ ಪುಸ್ತಿಕೆ ಮಾತ್ರ ಅಪರೂಪ. ಕೊಳ್ಳುವಾಗ ಮೊದಲು ತೆರೆಯಬೇಕಾದ್ದು ಅದನ್ನೇ.

ಪತ್ರಿಕೆಯ ಲೆಕ್ಕ ತಿಳಿಯದೆ ಸೆಟ್ ಆರಿಸಲಾಗದು. ಬಹುಪಾಲು ಊರುಗಳ ಟರ್ಮ್ ಪರೀಕ್ಷೆ ಈಗ ಗಾವೊಕಾವೊದ, ಅಂದರೆ ಕಾಲೇಜು ಪ್ರವೇಶ ಪರೀಕ್ಷೆಯ, ಹೊಸ ರಾಷ್ಟ್ರೀಯ ಪತ್ರಿಕೆಯ ಅಚ್ಚಿನಲ್ಲೇ ಇರುತ್ತದೆ: 120 ನಿಮಿಷ, 150 ಅಂಕ. ಆಲಿಸುವಿಕೆ 20 ಪ್ರಶ್ನೆ, ತಲಾ ಒಂದೂವರೆಯಂತೆ 30. ಓದು 15 ಪ್ರಶ್ನೆ, ತಲಾ ಎರಡೂವರೆಯಂತೆ 37.5, ಏಳು ವಾಕ್ಯಗಳಲ್ಲಿ ಐದನ್ನು ಆರಿಸಿ ಬಿಟ್ಟ ಸ್ಥಳಕ್ಕೆ ಕೂರಿಸುವುದು 12.5. ನಾಲ್ಕು ಆಯ್ಕೆಗಳ ಕ್ಲೋಜ್ (ಒಂದು ಬರಹದ ನಡುನಡುವೆ ಬಿಟ್ಟ ಪದಗಳನ್ನು ತುಂಬುವುದು) 15 ಸ್ಥಳಕ್ಕೆ 15, ಆಯ್ಕೆಗಳೇ ಇಲ್ಲದ ವ್ಯಾಕರಣ ಬಿಟ್ಟ ಸ್ಥಳ 10ಕ್ಕೆ 15. ಸುಮಾರು 80 ಪದಗಳ ಪತ್ರಕ್ಕೆ 15, ಅರ್ಧಕ್ಕೆ ನಿಲ್ಲಿಸಿದ ಕಥೆಯನ್ನು ಸುಮಾರು 150 ಪದಗಳಲ್ಲಿ ಮುಂದುವರಿಸುವುದಕ್ಕೆ 25.

ಪಿಯುಸಿ ಗೈಡುಗಳನ್ನು ಕಂಡವರಿಗೆ ಇಲ್ಲೊಂದು ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಪಠ್ಯದ ಪಾಠದಿಂದ ನೇರವಾಗಿ ಕೇಳುವ ಪ್ರಶ್ನೆ ಇದರಲ್ಲಿ ಇಲ್ಲವೆಂದೇ ಹೇಳಬಹುದು. ಓದಿನ ಭಾಗಗಳೆಲ್ಲ ಹೊರಗಿನವು. ಹಾಗಂತ ಪಠ್ಯಪುಸ್ತಕ ಯಾವುದಾದರೂ ನಡೆದೀತು ಎಂದುಕೊಂಡರೆ ಕೆಟ್ಟಿತು. ಪೀಪಲ್ಸ್ ಎಜುಕೇಶನ್ ಪ್ರೆಸ್, ಯಿಲಿನ್, ಬೀಜಿಂಗ್ ನಾರ್ಮಲ್ ಯೂನಿವರ್ಸಿಟಿ ಪ್ರೆಸ್ ಹೀಗೆ ಬೇರೆ ಬೇರೆ ಪ್ರಕಾಶಕರ ಪಠ್ಯಗಳು ಬೇರೆ ಬೇರೆ ಊರುಗಳಲ್ಲಿ ನಡೆಯುತ್ತವೆ. ಪದಗಳ ಪಟ್ಟಿ, ವ್ಯಾಕರಣ ಕಲಿಸುವ ಕ್ರಮ ಎರಡೂ ಅದಲುಬದಲು. ಪೀಪಲ್ಸ್ ಎಜುಕೇಶನ್ ಪ್ರೆಸ್‌ನ ಮೊದಲ ಪುಸ್ತಕದಲ್ಲಿ ನೈಸರ್ಗಿಕ ವಿಕೋಪಗಳ ಘಟಕ ನಾಲ್ಕನೆಯದು (1976ರ ತಾಂಗ್‌ಶಾನ್ ಭೂಕಂಪದ ಪಾಠ ಇರುವುದು ಇಲ್ಲೇ). 'ವಿಚ್', 'ಹೂ', 'ಹೂಸ್' ಬರುವ ಉಪವಾಕ್ಯಗಳು ಅಲ್ಲಿ ಶುರುವಾಗಿ, 'ವೇರ್', 'ವೆನ್', 'ವೈ' ಐದನೇ ಘಟಕಕ್ಕೆ ಬರುತ್ತವೆ. ಬೇರೆ ಪಠ್ಯದ ಸೆಟ್ ತಂದ ಮಗು ಇನ್ನೂ ಕಲಿಯದ್ದಕ್ಕೆ ಅಂಕ ಕಳೆದುಕೊಂಡು, ಕಲಿತದ್ದನ್ನು ಅಭ್ಯಾಸ ಮಾಡದೆ ಉಳಿಯುತ್ತದೆ. ರಟ್ಟಿನ ಮೇಲೆ ಪಠ್ಯದ ಹೆಸರು, ಪುಸ್ತಕದ ಸಂಖ್ಯೆ ಎರಡೂ ಇವೆಯೇ ನೋಡಿಕೊಳ್ಳಬೇಕು. 'ಎಲ್ಲ ಪಠ್ಯಗಳಿಗೂ ಹೊಂದುತ್ತದೆ' ಎಂದು ಬರೆದಿದ್ದರೆ ಅಲ್ಲೇ ಇಟ್ಟು ಬರುವುದು ವಾಸಿ.

ಇದಕ್ಕಿಂತ ಜಾಸ್ತಿ ಮೋಸ ಹೋಗುವುದು 'ಹಿಂದಿನ ವರ್ಷದ ಅಸಲಿ ಪತ್ರಿಕೆಗಳು' ಎಂಬ ಸೆಟ್‌ಗಳಲ್ಲಿ. ಹೆಸರಾಂತ ಜಿಲ್ಲೆಗಳ ಟರ್ಮ್ ಪತ್ರಿಕೆಗಳನ್ನು ಒಟ್ಟುಗೂಡಿಸಿ ಮಾರುತ್ತಾರೆ, ಬೀಜಿಂಗ್‌ನ ಹೈದಿಯಾನ್ ಹೆಸರಿದ್ದರಂತೂ ಕೈ ತಾನಾಗಿ ಹೋಗುತ್ತದೆ. ಆದರೆ ಬೀಜಿಂಗ್‌ನ ಗಾವೊಕಾವೊ ಲಿಖಿತ ಪತ್ರಿಕೆಯೇ ಬೇರೆ: 90 ನಿಮಿಷ, 100 ಅಂಕ, ಕ್ಲೋಜ್‌ನಲ್ಲಿ 10 ಸ್ಥಳ, ಓದಿ ಸ್ವಂತ ಮಾತಿನಲ್ಲಿ ಉತ್ತರಿಸುವ ನಾಲ್ಕು ಪ್ರಶ್ನೆಗಳಿಗೆ 12 ಅಂಕ, ಕಥೆ ಮುಂದುವರಿಸುವುದು ಇಲ್ಲವೇ ಇಲ್ಲ. ಆಲಿಸುವ, ಮಾತಾಡುವ ಭಾಗ ಅಲ್ಲಿ ಕಂಪ್ಯೂಟರ್ ಮುಂದೆ ಪ್ರತ್ಯೇಕವಾಗಿ ನಡೆಯುತ್ತದೆ. ಗುವಾಂಗ್‌ಡಾಂಗ್‌ನಲ್ಲೂ ಅದು ಪ್ರತ್ಯೇಕವೇ. ಶಾಂಘೈ ಇನ್ನೊಂದು ಲೋಕ. ಚೀನೀ ವಾಕ್ಯಗಳನ್ನು ಇಂಗ್ಲಿಷಿಗೆ ಅನುವಾದಿಸುವುದು, ಸಾರಾಂಶ ಬರೆಯುವುದು ಎರಡೂ ಅಲ್ಲಿವೆ. ಝೆಜಿಯಾಂಗ್ ಅಥವಾ ಶಾಂಡಾಂಗ್‌ನ ವಿದ್ಯಾರ್ಥಿ ಹೈದಿಯಾನ್ ಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಬರೆದರೆ ಬರುವ ಅಂಕ ಯಾವುದನ್ನೂ ಅಳೆಯುವುದಿಲ್ಲ. ಅದರ ಓದಿನ ಭಾಗ ಮಾತ್ರ ಬಿಡಿಯಾಗಿ ಬಳಸಬಹುದು, ಮಟ್ಟ ಚೆನ್ನಾಗಿರುತ್ತದೆ.

ಆಲಿಸುವಿಕೆಯ ಆಡಿಯೊ ಪರೀಕ್ಷಿಸಲು ಐದು ನಿಮಿಷ ಸಾಕು. ಮೊದಲ ಐದು ಚಿಕ್ಕ ಸಂಭಾಷಣೆಗಳನ್ನು ಒಂದೇ ಸಲ ಓದಬೇಕು, ಪ್ರತಿಯೊಂದರ ನಂತರ 10 ಸೆಕೆಂಡ್ ಬಿಡುವು. ಉದ್ದನೆಯವನ್ನು ಎರಡು ಸಲ ಓದಬೇಕು, ಮುಂಚೆ ಪ್ರಶ್ನೆಗೆ ಐದು ಸೆಕೆಂಡಿನಂತೆ ಓದಿಕೊಳ್ಳಲು ಸಮಯ. ಕೊನೆಗೆ ಉತ್ತರಗಳನ್ನು ಉತ್ತರ ಕಾರ್ಡಿಗೆ ಇಳಿಸಲು ಎರಡು ನಿಮಿಷ. ಕಡಿಮೆ ದರದ ಸೆಟ್‌ಗಳಲ್ಲಿ ಈ ಬಿಡುವುಗಳೇ ಮಾಯ, ಇಲ್ಲವೇ ಕಂಪ್ಯೂಟರ್ ದನಿಯೇ ಗಂಡಸೂ ಹೆಂಗಸೂ ಆಗಿ ಓದಿರುತ್ತದೆ. ಇಂಥ ದನಿ ಎಲ್ಲ ಪದಗಳನ್ನೂ ಒಂದೇ ಒತ್ತಿನಲ್ಲಿ ಹೇಳಿದರೆ, ನಿಜವಾದ ಪರೀಕ್ಷೆಯಲ್ಲಿ ನುಂಗಿ ಹೋಗುವ 'ಕುಡಂಟ್', 'ಶುಡಾವ್' (ಶುಡ್ ಹ್ಯಾವ್) ಥರದವು ಕಿವಿಗೆ ಅಭ್ಯಾಸವೇ ಆಗುವುದಿಲ್ಲ. ಶುರುವಿನ ಉದಾಹರಣೆ ಪ್ರಶ್ನೆಯಲ್ಲಿ ಅಂಗಿಯ ಬೆಲೆ 9 ಪೌಂಡ್ 15 ಪೆನ್ಸ್ ಎಂಬುದು ಚೀನಾದ ಮಕ್ಕಳಿಗೆಲ್ಲ ನಿದ್ದೆಯಲ್ಲೂ ಗೊತ್ತು. ಆ ಹೊತ್ತನ್ನು ಅವರು ಮುಂದಿನ ಪ್ರಶ್ನೆ ಓದಲು ಬಳಸಿಕೊಳ್ಳುತ್ತಾರೆ. ಉದಾಹರಣೆಯನ್ನು ಕತ್ತರಿಸಿದ ಆಡಿಯೊದಲ್ಲಿ ಆ ಅಭ್ಯಾಸವೂ ತಪ್ಪುತ್ತದೆ.

ಕ್ಯೂಆರ್ ಕೋಡಿನದು ಇನ್ನೊಂದು ರಗಳೆ. 2021ರಲ್ಲಿ ಶಿಕ್ಷಣ ಸಚಿವಾಲಯ ಶಾಲೆಗೆ ಮೊಬೈಲ್ ತರುವುದಕ್ಕೆ ಕಡಿವಾಣ ಹಾಕಿದೆ, ಹಾಸ್ಟೆಲಿನಲ್ಲಿರುವ ಮಕ್ಕಳಂತೂ ವಾರವಿಡೀ ಶಾಲೆಯೊಳಗೇ. ಸಂಜೆಯ ಸ್ವಅಧ್ಯಯನದ ಹೊತ್ತಿನಲ್ಲಿ ಆ ಕೋಡ್ ಬರೀ ಅಲಂಕಾರ. ಎಂಪಿ3 ಆಗಿ ಇಳಿಸಿಕೊಳ್ಳಲು ಬರುವ ಸೆಟ್ ಸಿಕ್ಕರೆ ಅದನ್ನೇ ಆರಿಸಬೇಕು. ಆಡಿಯೊದ ಬರಹರೂಪ ಪುಸ್ತಿಕೆಯಲ್ಲಿ ಪೂರ್ತಿ ಅಚ್ಚಾಗಿರಲೇಬೇಕು.

ಓದಿನ ವಿಭಾಗದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಎ ಭಾಗ ಜಾಹೀರಾತು, ವೇಳಾಪಟ್ಟಿಯಂಥದ್ದು, ಮೂರು ಪ್ರಶ್ನೆ. ಬಿ, ಸಿ, ಡಿ ತಲಾ ನಾಲ್ಕು. ದೋಷ ಇರುವುದು ಬಹಳಷ್ಟು ಡಿ ಭಾಗದಲ್ಲೇ. ಗಾವೊಕಾವೊದ ಹಳೆಯ ವಿಜ್ಞಾನ ಲೇಖನವೊಂದನ್ನು ಹಾಗೇ ಎತ್ತಿ ಮೊದಲ ವರ್ಷದವರ ಮುಂದಿಟ್ಟಿರುತ್ತಾರೆ. ಗಾವೊಕಾವೊಗೆ ಬೇಕಾದ ಪದಗಳು ಮೂರು ಸಾವಿರದ ಆಸುಪಾಸು; ಮೊದಲ ಟರ್ಮಿನ ಮಗುವಿನ ಬಳಿ ಅಷ್ಟು ಎಲ್ಲಿಂದ? ಅಸಲಿ ಪರೀಕ್ಷೆಯಲ್ಲಿ ಪಟ್ಟಿಯಾಚೆಯ ಕಷ್ಟದ ಪದಕ್ಕೆ ಪಕ್ಕದಲ್ಲೇ ಚೀನೀ ಅರ್ಥ ಕೊಡುತ್ತಾರೆ. ಸೆಟ್‌ನಲ್ಲಿ ಅದಿಲ್ಲದಿದ್ದರೆ ತಯಾರಿಸಿದವರಿಗೆ ಆ ತರಗತಿ ಗೊತ್ತಿಲ್ಲವೆಂದೇ ಅರ್ಥ. ಏಳರಲ್ಲಿ ಐದರ ಭಾಗದಲ್ಲಿ, ಸರಿಯುತ್ತರದ ಹಿಂದೆ ಮುಂದೆ ಗೂಟವೊಂದು ಇರಬೇಕು: ಒಂದು ಸರ್ವನಾಮ, ಒಂದು 'ಹೌಎವರ್', ಮತ್ತೆ ಬಂದ ನಾಮಪದ. ಗೂಟವಿಲ್ಲದೆ 'ಅರ್ಥಕ್ಕೆ ಹೊಂದುತ್ತದೆ' ಎಂದಷ್ಟೇ ಪುಸ್ತಿಕೆ ಹೇಳಿದರೆ ಆ ಪ್ರಶ್ನೆಯನ್ನು ಹೊಡೆದು ಹಾಕಿ ಮುಂದೆ ಹೋಗಬಹುದು.

ಪುಸ್ತಿಕೆಯ ನಿಜವಾದ ಪರೀಕ್ಷೆ ವ್ಯಾಕರಣ ಬಿಟ್ಟ ಸ್ಥಳದಲ್ಲಿ. ಹತ್ತರಲ್ಲಿ ಆರೇಳು ಕಡೆ ಆವರಣದೊಳಗೆ ಕ್ರಿಯಾಪದವೋ ನಾಮಪದವೋ ಇರುತ್ತದೆ, ಅದರ ರೂಪ ಬದಲಿಸಬೇಕು. ಉಳಿದ ಕಡೆ ಏನೂ ಇರುವುದಿಲ್ಲ. ಆರ್ಟಿಕಲ್, ಪ್ರಿಪೊಸಿಶನ್, ಜೋಡಿಸುವ ಪದ ತಾನೇ ಹುಡುಕಬೇಕು. ಎರಡು ವಾಕ್ಯ ನೋಡಿ. 'ದಿಸ್ ಈಸ್ ದ ವಿಲೇಜ್ ___ ಹಿ ವಿಸಿಟೆಡ್ ಲಾಸ್ಟ್ ಇಯರ್.' 'ದಿಸ್ ಈಸ್ ದ ವಿಲೇಜ್ ___ ಹಿ ಗ್ರೂ ಅಪ್.' ಎರಡರಲ್ಲೂ ಊರು ಇದೆ, ಆದ್ದರಿಂದ ಮಕ್ಕಳು ಎರಡಕ್ಕೂ 'ವೇರ್' ಹಾಕುತ್ತಾರೆ. ಮೊದಲನೆಯದರಲ್ಲಿ 'ವಿಸಿಟೆಡ್'ಗೆ ಕರ್ಮ ಬೇಕು, ಆ ಕರ್ಮದ ಜಾಗವನ್ನೇ ಬಿಟ್ಟ ಸ್ಥಳ ತುಂಬುತ್ತದೆ. ಹಾಗಾಗಿ 'ದಟ್' ಅಥವಾ 'ವಿಚ್'. ಎರಡನೆಯದರಲ್ಲಿ 'ಗ್ರೂ ಅಪ್'ಗೆ ಕರ್ಮ ಬೇಡ, ಆದ್ದರಿಂದ 'ವೇರ್'. ಒಳ್ಳೆಯ ಪುಸ್ತಿಕೆ ಕರ್ಮ ಕಾಣೆಯಾಗಿದೆ ಎಂಬುದನ್ನು ಬೆರಳಿಟ್ಟು ತೋರಿಸುತ್ತದೆ, ಉತ್ತರವಾಗಿ 'ದಟ್', 'ವಿಚ್' ಎರಡನ್ನೂ ಕೊಡುತ್ತದೆ. ಕಳಪೆಯದು ಒಂದನ್ನೇ ಅಚ್ಚು ಹಾಕಿ, 'ಇದು ವಿಶೇಷಣ ಉಪವಾಕ್ಯದ ಪ್ರಶ್ನೆ. ವಾಕ್ಯದ ಅರ್ಥ ಹೀಗಿದೆ. ಆದ್ದರಿಂದ ಉತ್ತರ ವಿಚ್' ಎಂದು ಮುಗಿಸುತ್ತದೆ. ಸರಿಯಾಗಿ 'ದಟ್' ಬರೆದ ಮಗು ತನ್ನದು ತಪ್ಪೆಂದು ಹೊಡೆದು ಹಾಕುತ್ತದೆ. ಅಂಗಡಿಯಲ್ಲೇ ನಿಂತು ಇಂಥ ಒಂದು ಪ್ರಶ್ನೆಯ ವಿವರಣೆ ಹುಡುಕಿ ಓದಿದರೆ ಇಡೀ ಸೆಟ್ಟಿನ ಯೋಗ್ಯತೆ ತಿಳಿದುಹೋಗುತ್ತದೆ.

ಕ್ಲೋಜ್‌ನಲ್ಲೂ ಇಂಥದ್ದೇ ಒಂದು ಗುರುತು ಇದೆ. ಚೆನ್ನಾಗಿ ಮಾಡಿದ್ದರಲ್ಲಿ ನಾಲ್ಕೂ ಆಯ್ಕೆಗಳು ಒಂದೇ ಜಾತಿಯ ಪದಗಳು, ವ್ಯಾಕರಣದಿಂದ ಒಂದೂ ಬೀಳುವುದಿಲ್ಲ. ಸುಳಿವು ಎರಡು ಮೂರು ವಾಕ್ಯ ಆದಮೇಲೆ ಸಿಗುತ್ತದೆ. ಬಿಟ್ಟ ಸ್ಥಳದ ವಾಕ್ಯವೊಂದನ್ನೇ ಓದಿ ಉತ್ತರ ಹೇಳಲು ಬಂದರೆ ಅದು ಪದಸಂಪತ್ತಿನ ಕ್ವಿಜ್ ಅಷ್ಟೇ.

ಬರವಣಿಗೆ ಭಾಗ ಈ ಸೆಟ್‌ಗಳ ಅತಿ ದುರ್ಬಲ ಅಂಗ. ಪತ್ರದ ಪ್ರಶ್ನೆ ಪರವಾಗಿಲ್ಲ. ನೀವು ಲಿ ಹುವಾ (ಇಂಥ ಪ್ರಶ್ನೆಗಳಲ್ಲಿ ಪತ್ರ ಬರೆಯುವ ವಿದ್ಯಾರ್ಥಿಗೆ ಇಡುವ ಖಾಯಂ ಹೆಸರು) ಅಂದುಕೊಳ್ಳಿ, ವಿದೇಶಿ ಗೆಳೆಯನನ್ನು ಚಹಾ ಸಂಸ್ಕೃತಿಯ ಕಾರ್ಯಕ್ರಮಕ್ಕೆ ಕರೆಯಿರಿ, ಸಮಯ ಸ್ಥಳ ತಿಳಿಸಿ. (ಇಷ್ಟು ವರ್ಷ ಇಷ್ಟು ಪತ್ರ ಬರೆದೂ ಲಿ ಹುವಾನಿಗೆ ಹೈಸ್ಕೂಲ್ ಮುಗಿದಿಲ್ಲ.) ತೊಡಕಿರುವುದು ಕಥೆ ಮುಂದುವರಿಸುವುದರಲ್ಲಿ. 2016ರ ಅಕ್ಟೋಬರ್‌ನಲ್ಲಿ ಝೆಜಿಯಾಂಗ್‌ನಲ್ಲಿ ಶುರುವಾಗಿ ಆಮೇಲೆ ದೇಶದ ತುಂಬ ಹರಡಿದ ಪ್ರಶ್ನೆಯಿದು. ಸುಮಾರು 350 ಪದಗಳ ಕಥೆ, ನಂತರ ಎರಡು ಪ್ಯಾರಾಗಳ ಮೊದಲ ವಾಕ್ಯಗಳನ್ನು ಅವರೇ ಕೊಡುತ್ತಾರೆ. ಎರಡನೇ ಪ್ಯಾರಾದ ವಾಕ್ಯವೇ ಬೀಗದ ಕೈ: ಮೊದಲ ಪ್ಯಾರಾ ಎಲ್ಲಿ ಮುಗಿಯಬೇಕೆಂದು ಅದೇ ನಿರ್ಧರಿಸುತ್ತದೆ. ಮೊದಲು ಅದನ್ನು ಓದಿ, ಅದಕ್ಕೆ ಹಿಮ್ಮುಖವಾಗಿ ಮೂರು ಘಟನೆ ಗುರುತು ಹಾಕಿಕೊಂಡು ಬರೆಯಬೇಕು. ಇದನ್ನು ಹೇಳಿಕೊಡುವ ಪುಸ್ತಿಕೆ ಅಪರೂಪ. ಬದಲಿಗೆ ಮಾದರಿ ಉತ್ತರ ಕೊಡುತ್ತಾರೆ, ಅದು 200 ಪದ ದಾಟಿರುತ್ತದೆ, ಉತ್ತರ ಕಾರ್ಡಿನ ಗೆರೆಗಳಲ್ಲಿ ಹಿಡಿಸುವುದೂ ಇಲ್ಲ. ಪ್ರತಿ ಮೂರನೇ ವಾಕ್ಯಕ್ಕೆ ಕಣ್ಣಲ್ಲಿ ನೀರು ತುಂಬುತ್ತದೆ, ಎದೆ ಡವಗುಟ್ಟುತ್ತದೆ, ಬಿಸಿಲು ಮುಖದ ಮೇಲೆ ಬೀಳುತ್ತದೆ. ಉರು ಹೊಡೆದ ಈ ಸಾಲುಗಳು ಕಥೆಗೆ ಹೊಂದಿದರೆ ಸರಿ, ನಾಯಿ ಕಳೆದುಹೋದ ಕಥೆಗೂ ಅಡುಗೆ ಕೆಟ್ಟ ಕಥೆಗೂ ಅದೇ ಕಣ್ಣೀರು ಸುರಿದರೆ ಮೌಲ್ಯಮಾಪಕರಿಗೆ ಎರಡನೇ ಸಾಲಿನಲ್ಲೇ ಗೊತ್ತಾಗುತ್ತದೆ. ಈ ಭಾಗಕ್ಕೆ ತರಗತಿಯ ಶಿಕ್ಷಕರ ತಿದ್ದುಪಡಿಯೇ ಗತಿ. ಸೆಟ್ಟಿನ ಪ್ರಶ್ನೆ ಬಳಸಿ, ಉತ್ತರ ಮುಚ್ಚಿಡಿ.

ಬಳಸುವ ಕ್ರಮ: ಘಟಕವಾರು ಪತ್ರಿಕೆಗಳನ್ನು ಬಿಡಿ ಬಿಡಿಯಾಗಿ, ಪೂರ್ಣ ಪತ್ರಿಕೆಗಳನ್ನು ಪರೀಕ್ಷೆಗೆ ಮುಂಚಿನ ಮೂರು ವಾರಗಳಲ್ಲಿ ವಾರಕ್ಕೊಂದರಂತೆ. ಅದಕ್ಕಿಂತ ಜಾಸ್ತಿ ಮಾಡಿದರೆ ತಪ್ಪುಗಳನ್ನು ನೋಡಲು ಹೊತ್ತೇ ಇರುವುದಿಲ್ಲ. ಸಮಯ ಹಂಚಿಕೆ ಸುಮಾರು ಹೀಗಿರಲಿ: ಆಲಿಸುವಿಕೆ 20 ನಿಮಿಷ, ಓದು 30, ಏಳರಲ್ಲಿ ಐದು 7, ಕ್ಲೋಜ್ 12, ವ್ಯಾಕರಣ 8, ಪತ್ರ 12, ಕಥೆ 25. ಉಳಿದ ಆರು ನಿಮಿಷ ಕಾರ್ಡ್ ಸರಿನೋಡಲು. ಆಯ್ಕೆ ಪ್ರಶ್ನೆಗಳಿಗೆ 2ಬಿ ಪೆನ್ಸಿಲ್, ಬರವಣಿಗೆಗೆ 0.5 ಮಿ.ಮೀ. ಕಪ್ಪು ಜೆಲ್ ಪೆನ್. ಕಾರ್ಡನ್ನು ಸ್ಕ್ಯಾನ್ ಮಾಡಿ ತೆರೆಯ ಮೇಲೆ ತಿದ್ದುವುದರಿಂದ ಚೌಕದಾಚೆ ಬರೆದದ್ದು ಲೆಕ್ಕಕ್ಕೇ ಬರುವುದಿಲ್ಲ. ಹೆಬೈ ಪ್ರಾಂತ್ಯದ ಹೆಂಗ್‌ಶುಯಿ ಶಾಲೆಯ ಹೆಸರಿನ ದುಂಡನೆಯ, ಬಿಡಿ ಅಕ್ಷರಗಳ ಶೈಲಿಗೆ ಅಷ್ಟು ಬೇಡಿಕೆ ಬಂದಿರುವುದೂ ತೆರೆಯ ಮೇಲೆ ಸಲೀಸಾಗಿ ಓದಲು ಬರುತ್ತದೆಂಬ ಕಾರಣಕ್ಕೇ. ಸೆಟ್ಟಿನ ಜೊತೆ ಉತ್ತರ ಕಾರ್ಡಿನ ನಕಲು ಇದ್ದರೆ ನಾಲ್ಕು ಕಾಸು ಜಾಸ್ತಿ ಕೊಡಬಹುದು. ಹಾಳೆ ತೆಳ್ಳಗಿದ್ದು ಜೆಲ್ ಶಾಯಿ ಹಿಂಬದಿಗೆ ಇಳಿದರೆ ಹಿಂದಿನ ಓದಿನ ಭಾಗ ಕೆಟ್ಟಂತೆ, ಒಂದು ಮೂಲೆಯಲ್ಲಿ ಗೀಚಿ ನೋಡಿ.

ರಿಯಾಯಿತಿಗೆ ಬಂದ ಹಳೆಯ ಮಾಲನ್ನು ಗುರುತಿಸುವುದು ಸುಲಭ. ಕ್ಲೋಜ್‌ನಲ್ಲಿ 20 ಸ್ಥಳ, ಓದಿನ ಪ್ರಶ್ನೆಗೆ ತಲಾ 2 ಅಂಕ, ಹತ್ತು ತಪ್ಪು ಹುಡುಕಿ ತಿದ್ದುವ ಚಿಕ್ಕ ಭಾಗ, ಒಂದೇ ಒಂದು ಬರವಣಿಗೆ 25 ಅಂಕಕ್ಕೆ: ಇವಿದ್ದರೆ ಅದು ಹಳೆಯ ಅಚ್ಚು, ರಟ್ಟಿನ ಮೇಲೆ ಯಾವ ವರ್ಷ ಬರೆದಿದ್ದರೂ ಸರಿ. ತಪ್ಪು ತಿದ್ದುವ ಭಾಗ ವ್ಯಾಕರಣಕ್ಕೆ ಒಳ್ಳೆಯ ಕಸರತ್ತೇ, ಅರ್ಧ ಬೆಲೆಗೆ ಸಿಕ್ಕರೆ ಅದೊಂದನ್ನು ಬಳಸಿಕೊಳ್ಳಬಹುದು. ಪೂರ್ಣ ಪತ್ರಿಕೆಯಾಗಿ ಬರೆಯಲು ಮಾತ್ರ ಅದು ಬೇಡ.