ಕಡಲಡಿಯ ಜ್ವಾಲಾಮುಖಿಯ ಅನಿಲ ಅಳೆಯಲು ಹೈಡ್ರೋಫೋನೋ, ಎಕೋಸೌಂಡರೋ?

ಹೆಚ್ಚು ಆಳವಿಲ್ಲದ ಕಡಲಡಿಯ ಜ್ವಾಲಾಮುಖಿಯೊಂದರ ಬಿರುಕುಗಳಿಂದ ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಬರುತ್ತಿದೆ ಎಂಬುದನ್ನು ಅಳೆಯಲು ನಮ್ಮ ತಂಡ ಮೊದಲು ದೋಣಿಗೆ ಕಟ್ಟಿದ ಎಕೋಸೌಂಡರನ್ನೂ, ಆಮೇಲೆ ತಳದಲ್ಲಿಯೇ ಬಿಟ್ಟುಬರುವ ಹೈಡ್ರೋಫೋನನ್ನೂ, ಅಂದರೆ ನೀರಿನಡಿ ಕೇಳುವ ಮೈಕ್ರೋಫೋನನ್ನೂ, ಬಳಸಿತು. ಮತ್ತೊಮ್ಮೆ ಅನುದಾನ ಸಿಕ್ಕರೆ ನಾನು ಕೊಳ್ಳುವುದು ಹೈಡ್ರೋಫೋನನ್ನೇ. ಅದರ ಒಂದು ಕಾಟವನ್ನು ಚೆನ್ನಾಗಿ ಅನುಭವಿಸಿದ ಮೇಲೂ ಈ ಮಾತು ಬದಲಾಗಿಲ್ಲ.

ಎಕೋಸೌಂಡರ್ ತಾನೇ ಶಬ್ದ ಕಳಿಸಿ ಗುಳ್ಳೆಗಳಿಂದ ಮರಳುವ ಪ್ರತಿಧ್ವನಿಯನ್ನು ಓದುತ್ತದೆ. ಅನಿಲ ಎಲ್ಲಿ ಏಳುತ್ತಿದೆ ಎಂದು ಹುಡುಕುವುದರಲ್ಲಿ ಅದಕ್ಕೆ ಸಾಟಿಯಿಲ್ಲ: ವಿಶಾಲವಾದ ತಳವನ್ನು ಬೇಗನೆ ಜಾಲಾಡಿ, ಪರದೆಯ ಮೇಲೆ ಗುಳ್ಳೆಗಳ ಕಂಬಗಳನ್ನು ಸ್ಪಷ್ಟವಾಗಿ ತೋರಿಸುತ್ತದೆ. ಈಜುಚೀಲವಿರುವ ಮೀನುಗಳ ಹಿಂಡೂ ಕೆಲವೊಮ್ಮೆ ಅಂಥದೇ ಗುರುತು ಮೂಡಿಸುತ್ತದೆ, ಆದರೆ ಅಭ್ಯಾಸವಾದ ಕಣ್ಣಿಗೆ ಅದು ದೊಡ್ಡ ತೊಡಕಲ್ಲ. ತೊಡಕು ಶುರುವಾಗುವುದು ಆ ಕಂಬವನ್ನು ಲೀಟರುಗಳಿಗೆ ಪರಿವರ್ತಿಸಲು ಹೊರಟಾಗ. ಗುಳ್ಳೆಗಳ ಗಾತ್ರ ಮತ್ತು ಅವು ಏಳುವ ವೇಗ ಬೇರೆ ಕಡೆಯಿಂದ ತಿಳಿದಿರಬೇಕು. ಗುಳ್ಳೆಗಳು ದಟ್ಟವಾದರೆ ಮುಂದಿನವು ಹಿಂದಿನವನ್ನು ಮರೆಮಾಡುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ದೋಣಿ ಮೇಲೆ ಹಾದುಹೋದ ಕ್ಷಣದ ಲೆಕ್ಕವಷ್ಟೇ ಕೈಗೆ ಸಿಗುತ್ತದೆ. ಸ್ಕಾಟ್ಲೆಂಡಿನ ಆರ್ಡ್‌ಮಕ್ನಿಶ್ ಕೊಲ್ಲಿಯಲ್ಲಿ 2012ರಲ್ಲಿ ತಳದಡಿಗೆ ಬೇಕೆಂದೇ ಇಂಗಾಲದ ಡೈಆಕ್ಸೈಡ್ ಬಿಟ್ಟು ನಡೆಸಿದ ಪ್ರಯೋಗದಲ್ಲಿ, ಉಬ್ಬರದ ಹೊತ್ತಿಗೆ ಗುಳ್ಳೆ ಕಡಿಮೆಯಾಗಿ ಇಳಿತದ ಹೊತ್ತಿಗೆ ಹೆಚ್ಚುವುದನ್ನು ತೋರಿಸಿಕೊಟ್ಟದ್ದು ನೀರಿನಡಿ ಇರಿಸಿದ್ದ ಹೈಡ್ರೋಫೋನ್.

ಹೈಡ್ರೋಫೋನ್ ಏನನ್ನೂ ಕಳಿಸುವುದಿಲ್ಲ, ಬರೀ ಕೇಳುತ್ತದೆ. ಬಿರುಕಿನ ಬಾಯಿಂದ ಕಳಚಿಕೊಳ್ಳುವ ಪ್ರತಿ ಗುಳ್ಳೆಯೂ ಒಂದು ಚಿಕ್ಕ ನಾದ ಹೊರಡಿಸಿ ಸುಮ್ಮನಾಗುತ್ತದೆ. ಆ ನಾದದ ಆವೃತ್ತಿಗೂ ಗುಳ್ಳೆಯ ಗಾತ್ರಕ್ಕೂ ಇರುವ ನಂಟನ್ನು ವಿಜ್ಞಾನಿ ಮಿನ್ನಾರ್ಟ್ 1933ರಲ್ಲಿಯೇ ಸೂತ್ರವಾಗಿಸಿದ್ದಾರೆ. ಮೇಲ್ಮೈ ಬಳಿ 1 ಮಿಲಿಮೀಟರ್ ತ್ರಿಜ್ಯದ ಗಾಳಿಗುಳ್ಳೆ ಸುಮಾರು 3.3 ಕಿಲೋಹರ್ಟ್ಸ್‌ನಲ್ಲಿ ನುಡಿದರೆ, ಅದೇ ಗಾತ್ರದ ಗುಳ್ಳೆ 100 ಮೀಟರ್ ಆಳದಲ್ಲಿ, ಒತ್ತಡ ಹನ್ನೊಂದು ಪಟ್ಟಾಗುವುದರಿಂದ, 11 ಕಿಲೋಹರ್ಟ್ಸ್‌ನ ಹತ್ತಿರಕ್ಕೆ ಏರುತ್ತದೆ. ಗುಳ್ಳೆಗಳು ಬಿಡಿಬಿಡಿಯಾಗಿ ಬರುವಲ್ಲಿ ಧ್ವನಿಮುದ್ರಿಕೆಯಲ್ಲಿ ಒಂದೊಂದನ್ನೂ ಎಣಿಸಿ, ಗಾತ್ರ ಲೆಕ್ಕಹಾಕಿ, ಕೂಡಿಸಬಹುದು. ಆ ಕೆಲಸ ನಿಜಕ್ಕೂ ಸಲೀಸು.

ಕಾಟ ಇರುವುದು ಬಿರುಕು ಜೋರಾದಾಗ. ನೂರಾರು ನಾದಗಳು ಒಂದರ ಮೇಲೊಂದು ಬಿದ್ದು ಬರೀ ಮೊರೆತವಾಗುತ್ತದೆ, ಎಣಿಕೆ ಕೈಬಿಡುತ್ತದೆ. ಆಗ ಪ್ರತಿ ಆವೃತ್ತಿಯಲ್ಲಿ ಎಷ್ಟು ಶಕ್ತಿಯಿದೆ ಎಂದು ನೋಡಿ, ಅಷ್ಟು ಶಕ್ತಿಗೆ ಎಷ್ಟು ಗುಳ್ಳೆ ಬೇಕೆಂದು ಹಿಮ್ಮುಖವಾಗಿ ಲೆಕ್ಕ ಮಾಡಬೇಕು. ಅದಕ್ಕೆ ಒಂದು ಗುಳ್ಳೆ ಹುಟ್ಟುವಾಗ ಎಷ್ಟು ಜೋರಾಗಿ ಕಂಪಿಸುತ್ತದೆ ಎಂಬ ಸಂಖ್ಯೆ ಬೇಕು. ಆ ಸಂಖ್ಯೆ ಯಾವ ಕೈಪಿಡಿಯಲ್ಲೂ ಸಿದ್ಧವಾಗಿ ಸಿಗುವುದಿಲ್ಲ, ಏಕೆಂದರೆ ಬಂಡೆಯ ಸೀಳಿನಿಂದ ಕಳಚುವ ಗುಳ್ಳೆ ಒಂದು ಬಗೆಯಲ್ಲಿ, ಮರಳಿನೊಳಗಿಂದ ನುಸುಳಿ ಬರುವ ಗುಳ್ಳೆ ಇನ್ನೊಂದು ಬಗೆಯಲ್ಲಿ ಕಂಪಿಸಬಹುದು. ಶಕ್ತಿಯು ಕಂಪನದ ವಿಸ್ತಾರದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ವಿಸ್ತಾರವನ್ನು ಎರಡು ಪಟ್ಟು ತಪ್ಪಾಗಿ ಊಹಿಸಿದರೆ ಅನಿಲದ ಲೆಕ್ಕ ನಾಲ್ಕು ಪಟ್ಟು ತಪ್ಪುತ್ತದೆ. ಮೇಜಿನ ಮುಂದೆ ಕುಳಿತು ಆ ಒಂದು ಸಂಖ್ಯೆಯನ್ನು ಸ್ವಲ್ಪ ಆಚೀಚೆ ಮಾಡಿದರೆ ಸಾಕು, ಸಾಧಾರಣವಾದ ಬಿರುಕು ಭಾರೀ ಬಿರುಕಾಗಿಬಿಡುತ್ತದೆ.

ಇದಕ್ಕೆ ನಾವು ಕಂಡುಕೊಂಡ ಪರಿಹಾರ ತೀರ ಹಳೆಯದು. ಮುಳುಗುಗಾರರು ಆಲಿಕೆಯನ್ನು ಬೋರಲಾಗಿ ಬಿರುಕಿನ ಮೇಲೆ ಹಿಡಿದು, ಅಳತೆಯ ಪಾತ್ರೆ ಅನಿಲದಿಂದ ತುಂಬಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ನೋಡಿ ಬರೆದುಕೊಂಡರು. ಆಲಿಕೆ ತೆಗೆದ ಕೂಡಲೇ ಅದೇ ಬಿರುಕಿನ ಧ್ವನಿ ಮುದ್ರಿಸಿಕೊಂಡು ಎರಡನ್ನೂ ತಾಳೆ ನೋಡಿದೆವು. ಹೀಗೆ ಸಿಕ್ಕ ಸಂಖ್ಯೆ ಆ ಬಿರುಕಿಗೆ ಮಾತ್ರ ಸಲ್ಲುತ್ತದೆ. ಪಕ್ಕದ ಬಿರುಕಿಗೆ ಮತ್ತೆ ಆಲಿಕೆ ಹಿಡಿಯಬೇಕು, ಮತ್ತು ಮುಳುಗುಗಾರರು ಇಳಿಯಲಾರದ ಆಳದಲ್ಲಿ ಈ ಉಪಾಯ ನಡೆಯುವುದಿಲ್ಲ.

ಕ್ಯಾಮೆರಾ ಗುಳ್ಳೆಯ ಗಾತ್ರ ತೋರಿಸಲು ಒಳ್ಳೆಯದು, ಕದಡಿದ ನೀರಿನಲ್ಲಿ ವ್ಯರ್ಥ.

ಸಂಗ್ರಹದ ವಿಷಯ ಮೊದಲೇ ಯೋಚಿಸಿರಬೇಕು. 96 ಕಿಲೋಹರ್ಟ್ಸ್ ದರದಲ್ಲಿ 24 ಬಿಟ್‌ನ ಧ್ವನಿಯನ್ನು ಬಿಡುವಿಲ್ಲದೆ ಮುದ್ರಿಸಿದರೆ ದಿನಕ್ಕೆ ಸುಮಾರು 25 ಗಿಗಾಬೈಟ್ ಆಗುತ್ತದೆ. ಗಂಟೆಗೆ ಕೆಲವೇ ನಿಮಿಷ ಮುದ್ರಿಸುವಂತೆ ಹೊಂದಿಸಿದರೂ ಉಬ್ಬರವಿಳಿತದ ಏರಿಳಿತ ಸ್ಪಷ್ಟವಾಗಿ ಕಾಣುತ್ತದೆ.

ನಿಜವಾದ ಸ್ಫೋಟದ ಮಾತೇ ಬೇರೆ. ಪೆಸಿಫಿಕ್ ಸಾಗರದ ಮರಿಯಾನಾ ದ್ವೀಪಸರಣಿಯ ಎನ್‌ಡಬ್ಲ್ಯು ರೋಟಾ-1 ಜ್ವಾಲಾಮುಖಿಯ ಬಾಯಿ 500 ಮೀಟರಿಗೂ ಹೆಚ್ಚು ಆಳದಲ್ಲಿ ಸಿಡಿಯುತ್ತಿದ್ದಾಗ ವೀಡಿಯೊ ಮತ್ತು ಹೈಡ್ರೋಫೋನ್ ಎರಡರಿಂದಲೂ ಅದನ್ನು ದಾಖಲಿಸಿದ್ದಾರೆ. ಅಂಥಲ್ಲಿ ಬಿಡಿ ಗುಳ್ಳೆಯ ಸೂತ್ರ ಕೆಲಸಕ್ಕೆ ಬಾರದು, ಹೊರನುಗ್ಗುವ ಅನಿಲದ ಘನಗಾತ್ರ ಹೇಗೆ ಬದಲಾಗುತ್ತಿದೆ ಎಂಬುದನ್ನೇ ಧ್ವನಿಯ ಒತ್ತಡದಿಂದ ತೆಗೆಯಬೇಕು. ಅದಕ್ಕೂ ಕೇಳುವ ಉಪಕರಣವೇ ಬೇಕು.

ನನ್ನ ಒಲವಿಗೆ ನನ್ನ ಪರಿಸ್ಥಿತಿಯೂ ಕಾರಣ. ಅಲೆಯ ಮೇಲೆ ಪರದೆ ನೋಡುತ್ತ ಕೂರುವುದಕ್ಕಿಂತ ದಡದಲ್ಲಿ ಕಡತಗಳೊಡನೆ ಕೂರುವುದು ನನಗೆ ಹಿತ, ಮತ್ತು ನಮ್ಮ ಖರ್ಚಿನ ದೊಡ್ಡ ಪಾಲು ದೋಣಿಯ ಬಾಡಿಗೆ. ಬಿರುಕುಗಳು ಎಲ್ಲಿವೆ ಎಂಬುದೇ ಗೊತ್ತಿಲ್ಲದವರು ಎಕೋಸೌಂಡರನ್ನು ಕೆಲವು ದಿನಕ್ಕೆ ಎರವಲು ತಂದರೆ ಸಾಕು. ಉಳಿದ ಹಣದಲ್ಲಿ ಹೈಡ್ರೋಫೋನ್ ಎರಡು ಕೊಳ್ಳಿ: ಒಂದನ್ನು ಬಿರುಕಿನ ಹತ್ತಿರ, ಇನ್ನೊಂದನ್ನು ಅದರ ಸದ್ದು ತಲುಪದಷ್ಟು ದೂರ ಇಟ್ಟರೆ, ಹಡಗು, ಅಲೆ, ಸೀಗಡಿಗಳ ಸದ್ದನ್ನು ಲೆಕ್ಕದಿಂದ ಕಳೆಯಲು ದಾರಿಯಾಗುತ್ತದೆ.